ಚಲನಚಿತ್ರಗಳಲ್ಲಿ ದಾಸರ ಪದಗಳು: ಅಂಕಿತವೆಂಬ ಋಣ

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ವೈದ್ಯಮಿತ್ರರು ರಕ್ತದೊತ್ತಡ, ಮಧುಮೇಹಗಳ ವಿಷಯವಾಗಿ ಬರೆಯುವುದು ವಾಡಿಕೆ. ವಾಣಿಜ್ಯಶಾಸ್ತ್ರದ ಪದವೀಧರನಾಗಿ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನನಗೆ ಆ ಅಧಿಕಾರವಿಲ್ಲ. ಸಂಗೀತಶಾಸ್ತ್ರದಲ್ಲಿಯೂ ನಾನು ಪಂಡಿತನಲ್ಲ, ಕೇಳುಗ ಮಾತ್ರ. ಆದರೂ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಈ ಲೇಖನಕ್ಕೆ ಪ್ರೇರಣೆಯಾಯಿತು.

ಕಳೆದ ಶ್ರಾವಣ ಮಾಸದ ಒಂದು ಶುಕ್ರವಾರ. ಪೂಜೆ ಮುಗಿದ ಮೇಲೆ ನನ್ನ ಮಗಳು ದಾಸರ ಪದವೊಂದನ್ನು ಹಾಡಿದಳು. ದೂರದರ್ಶನದಲ್ಲಿ ಬಂದ ಯಾವುದೋ ಹಳೆಯ ಚಲನಚಿತ್ರವನ್ನು ನೋಡಿ ಕಲಿತದ್ದು. ಪಲ್ಲವಿ, ಎರಡು ಚರಣ ಹಾಡಿ ನಿಲ್ಲಿಸಿದಳು. ನಮ್ಮೊಡನೆ ಪುಣೆಯಲ್ಲಿಯೇ ಇರುವ ನನ್ನ ವೃದ್ಧ ತಾಯಿ, "ಅಂಕಿತ ಎಲ್ಲಿ ಹೋಯಿತೇ?" ಎಂದು ಕೇಳಿದರು. "ಅಜ್ಜೀ, ಹಾಡು ಅಷ್ಟೇ. ಸಿನಿಮಾದಲ್ಲಿ ಇರುವುದು ಅಷ್ಟೇ" ಎಂದಳು ಮಗಳು. ತಾಯಿ ನಕ್ಕು, ತಾವೇ ಮುಂದಿನ ಚರಣವನ್ನು ಎತ್ತಿಕೊಂಡರು. ಅರ್ಧದಲ್ಲಿ ಅವರಿಗೆ ಮಾತು ಮರೆಯಿತು. ಕೈ ತಾಳ ಹಾಕುತ್ತಲೇ ಇತ್ತು, ಪದ ಮಾತ್ರ ಬರಲಿಲ್ಲ. ಮನೆಯಲ್ಲಿ ನಾವು ನಾಲ್ಕು ಜನರಿದ್ದೆವು. ಒಬ್ಬರಿಗೂ ಆ ಸಾಲನ್ನು ಎತ್ತಿಕೊಡಲು ಸಾಧ್ಯವಾಗಲಿಲ್ಲ.

ಆ ದಿನದಿಂದ ನನ್ನನ್ನು ಕಾಡಿದ ಪ್ರಶ್ನೆ ಇದು: ದಾಸರ ಪದ ಚಲನಚಿತ್ರವನ್ನು ಸೇರಿದಾಗ ನಮಗೆ ದೊರೆತದ್ದೇನು, ಕೈಬಿಟ್ಟುಹೋದದ್ದೇನು?

ನವಕೋಟಿ ನಾರಾಯಣನ ಆಸ್ತಿ

ಪುರಂದರದಾಸರನ್ನು ಕರ್ನಾಟಕ ಸಂಗೀತ ಪಿತಾಮಹರೆಂದು ಕರೆಯುತ್ತಾರೆ. ಇಂದಿಗೂ ಮಕ್ಕಳು ಸಂಗೀತಾಭ್ಯಾಸವನ್ನು ಮಾಯಾಮಾಳವಗೌಳ ರಾಗದ ಸರಳೆ, ಜಂಟಿವರಸೆಗಳಿಂದ ಆರಂಭಿಸುತ್ತಾರೆ. ಅನಂತರ ಮಲಹರಿ ರಾಗದ ಗೀತೆಗಳನ್ನು ಕಲಿಯುತ್ತಾರೆ. ಈ ಪಾಠಕ್ರಮವನ್ನು ದಾಸರೇ ಹಾಕಿಕೊಟ್ಟರೆಂಬುದು ಸಂಪ್ರದಾಯ. ಅವರು 1564ರಲ್ಲಿ ಹಂಪೆಯಲ್ಲಿ ದೇಹತ್ಯಾಗ ಮಾಡಿದರು. ಪೂರ್ವಾಶ್ರಮದಲ್ಲಿ ಅವರು ಶ್ರೀನಿವಾಸ ನಾಯಕರೆಂಬ ಹೆಸರಿನ ಲೇವಾದೇವಿಗಾರರು, "ನವಕೋಟಿ ನಾರಾಯಣ"ರೆಂಬ ಖ್ಯಾತಿಯ ಶ್ರೀಮಂತರು. ಹೆಂಡತಿಯ ಮೂಗುತಿ ಅಂಗಡಿಗೆ ಅಡವಿಗೆ ಬಂದ ಕಥೆಯನ್ನು ಅರಿಯದ ಕನ್ನಡಿಗರು ಯಾರಿದ್ದಾರೆ? ದಿನನಿತ್ಯ ಚಿನ್ನದ ಸಾಲದ ಕಾಗದಗಳಿಗೆ ರುಜು ಹಾಕುವ ನನ್ನಂಥವನಿಗೆ ಆ ಕಥೆ ಇನ್ನಷ್ಟು ಹತ್ತಿರವಾದದ್ದು.

ಪುಣೆಯವರಾದ ನಮಗೆ ಮತ್ತೊಂದು ನಂಟೂ ಇದೆ. ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಪುರಂದರಗಡವೇ ದಾಸರ ಜನ್ಮಸ್ಥಳವೆಂದು ಬಹುಕಾಲ ನಂಬಲಾಗಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸೀಮೆಯೇ ಅವರ ಹುಟ್ಟೂರೆಂದು ಕರ್ನಾಟಕದ ತಜ್ಞರ ಸಮಿತಿಯೊಂದು 2018ರಲ್ಲಿ ಅಭಿಪ್ರಾಯಪಟ್ಟಿತು. ಅದೇನೇ ಇರಲಿ, ದಾಸರು ಬಿಟ್ಟುಹೋದ ಆಸ್ತಿ ನವಕೋಟಿ ಹೊನ್ನಲ್ಲ, ಪದಗಳ ರಾಶಿ. ಅವರು 4,75,000 ಪದಗಳನ್ನು ರಚಿಸಿದರೆಂದು ಸಂಪ್ರದಾಯ ಹೇಳುತ್ತದೆ. ಇಂದು ನಮಗೆ ದೊರೆತಿರುವುದು ಅದರ ಅತ್ಯಲ್ಪ ಭಾಗ ಮಾತ್ರ.

ಚಿತ್ರರಂಗ ಎತ್ತಿಕೊಂಡ ಮೂರು ಬಗೆ

ಕನ್ನಡದ ಮೊದಲ ವಾಕ್ಚಿತ್ರ "ಸತಿ ಸುಲೋಚನ" 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣವಾದದ್ದು ಮಹಾರಾಷ್ಟ್ರದ ಕೊಲ್ಲಾಪುರದಲ್ಲಿ ಎಂಬುದು ನಾವು ನೆನೆಯಬೇಕಾದ ಸಂಗತಿ. ಮೂರೇ ವರ್ಷಗಳಲ್ಲಿ, 1937ರಲ್ಲಿ, "ಪುರಂದರದಾಸ" ಎಂಬ ಚಿತ್ರವೂ ಬಂದಿತು. ಅಂದಿನಿಂದ ಚಿತ್ರರಂಗವು ದಾಸರ ಪದಗಳನ್ನು ಮುಖ್ಯವಾಗಿ ಮೂರು ಬಗೆಯಲ್ಲಿ ಬಳಸಿಕೊಂಡಿದೆ ಎನ್ನಬಹುದು.

ಮೊದಲನೆಯದು ಚರಿತ್ರಚಿತ್ರ. 1960ರ "ಭಕ್ತ ಕನಕದಾಸ" ಹಾಗೂ 1964ರ "ನವಕೋಟಿ ನಾರಾಯಣ" ಇದಕ್ಕೆ ನಿದರ್ಶನಗಳು. ಎರಡರಲ್ಲಿಯೂ ಡಾ. ರಾಜ್‌ಕುಮಾರ್ ದಾಸರ ಪಾತ್ರ ವಹಿಸಿದರು. ಮೊದಲನೆಯದರಲ್ಲಿ ಪಿ. ಬಿ. ಶ್ರೀನಿವಾಸ್ ಅವರ ಕಂಠ, ಎರಡನೆಯದರಲ್ಲಿ ಬಾಲಮುರಳೀಕೃಷ್ಣ ಅವರ ಕಂಠ ಜನಮನವನ್ನು ಸೂರೆಗೊಂಡವು. ಇಲ್ಲಿ ಪದವು ಕಥೆಯ ಅಂಗ. ದಾಸರ ಬಾಳಿನ ಘಟನೆಯೊಂದಕ್ಕೆ ಪದವೊಂದನ್ನು ಹೊಂದಿಸಲಾಗುತ್ತದೆ. ಕರ್ತೃ ಯಾರೆಂಬ ಸಂದೇಹಕ್ಕೆ ಅವಕಾಶವಿಲ್ಲ, ಏಕೆಂದರೆ ಅವನೇ ಕಣ್ಣೆದುರು ನಿಂತು ಹಾಡುತ್ತಿರುತ್ತಾನೆ.

ಎರಡನೆಯದು ಸಂಗೀತಗಾರರ ಜೀವನವನ್ನೇ ವಸ್ತುವಾಗಿ ಉಳ್ಳ ಅಥವಾ ಶಾಸ್ತ್ರೀಯ ಸಂಗೀತವನ್ನೇ ಉಸಿರಾಗಿಸಿಕೊಂಡ ಚಿತ್ರ. ಅ. ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ "ಸಂಧ್ಯಾರಾಗ" 1966ರಲ್ಲಿ ಬಂದಿತು. ಅದೇ ವರ್ಷದ "ಸುಬ್ಬಾಶಾಸ್ತ್ರಿ"ಗೆ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರು ಸಂಗೀತ ನೀಡಿದರು. ತ. ರಾ. ಸು. ಅವರ "ಹಂಸಗೀತೆ" 1975ರಲ್ಲಿ ಜಿ. ವಿ. ಅಯ್ಯರ್ ಅವರ ನಿರ್ದೇಶನದಲ್ಲಿ ತೆರೆಗೆ ಬಂದು, ಅದರ ಗಾಯನಕ್ಕಾಗಿ ಬಾಲಮುರಳೀಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿಯನ್ನು ತಂದಿತು. 1986ರ "ಮಲಯ ಮಾರುತ" ಇದೇ ಪರಂಪರೆಯದು. ಇಂಥ ಚಿತ್ರಗಳು ಕಚೇರಿಯ ಸಂಗೀತವನ್ನು, ಕಚೇರಿಗೆ ಎಂದೂ ಹೋಗದವರ ಕಿವಿಗೆ ತಲುಪಿಸಿದವು.

ಮೂರನೆಯದು ಸಾಮಾಜಿಕ ಚಿತ್ರ. ಇಲ್ಲಿ ಪದವು ಹಬ್ಬದ ದಿನದ ರಂಗೋಲಿಯಂತೆ, ಮನೆಯ ವಾತಾವರಣಕ್ಕೆ ಶೋಭೆ. 1986ರಲ್ಲಿ ಪುರಂದರದಾಸರ ಪದದ ಮೊದಲ ಮಾತುಗಳೇ "ಭಾಗ್ಯದ ಲಕ್ಷ್ಮೀ ಬಾರಮ್ಮ" ಎಂಬ ಚಿತ್ರದ ಹೆಸರಾದವು. ಅದೇ ದಶಕದಲ್ಲಿ ಶಂಕರ್‌ನಾಗ್ ಅವರ "ನೋಡಿ ಸ್ವಾಮಿ ನಾವಿರೋದು ಹೀಗೆ" ಚಿತ್ರಕ್ಕೆ ಅದೇ ಪದ ನಮ್ಮ ಪುಣೆಯ ಭೀಮಸೇನ ಜೋಶಿಯವರ ಕಂಠದಲ್ಲಿ ದೊರೆಯಿತು. ಗದಗ ಸೀಮೆಯಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಈ ಊರಿನಲ್ಲಿ ನೆಲೆಸಿ, 1953ರಿಂದ ಗುರುವಿನ ಹೆಸರಿನ ಸಂಗೀತೋತ್ಸವವನ್ನು ನಡೆಸಿ, 2011ರಲ್ಲಿ ಇಲ್ಲಿಯೇ ಕೊನೆಯುಸಿರೆಳೆದ ಆ ಮಹನೀಯರು ದಾಸವಾಣಿ, ಸಂತವಾಣಿಗಳೆರಡನ್ನೂ ಹಾಡಿದವರು. ಪರಊರಿನಲ್ಲಿರುವ ಕನ್ನಡಿಗನಿಗೆ ಇದಕ್ಕಿಂತ ಹೆಮ್ಮೆಯ ಉದಾಹರಣೆ ಬೇಕೆ?

ಧಾಟಿ ಬದಲಾದರೆ ದೋಷವೇ?

ಚಲನಚಿತ್ರದವರು ಮೂಲ ಧಾಟಿಯನ್ನು ಕೆಡಿಸಿದರೆಂದು ಹಿರಿಯರು ಆಕ್ಷೇಪಿಸುವುದುಂಟು. ಈ ಆಕ್ಷೇಪವನ್ನು ಸ್ವಲ್ಪ ತಾಳ್ಮೆಯಿಂದ ಪರಿಶೀಲಿಸಬೇಕು. ದಾಸರು ಹಾಡಿದ ಧಾಟಿಗಳು ಸ್ವರಲಿಪಿಯಲ್ಲಿ ನಮಗೆ ಉಳಿದುಬಂದಿಲ್ಲ. ಪದಗಳು ಬಾಯಿಂದ ಬಾಯಿಗೆ, ಭಜನೆಯಿಂದ ಭಜನೆಗೆ ಹರಿದು ಬಂದವು. ಹಸ್ತಪ್ರತಿಗಳಲ್ಲಿ ಹೇಳಿದ ರಾಗ ಒಂದಾದರೆ ಇಂದು ಹಾಡುವ ರಾಗ ಇನ್ನೊಂದಾಗಿರುವುದು ಸಾಮಾನ್ಯ. ಇಂದು "ಜಗದೋದ್ಧಾರನ" ಎಂದೊಡನೆ ಕಾಪಿ ರಾಗ ನೆನಪಾಗುತ್ತದೆ. ಆ ರೂಪ ಮನೆಮನೆಗೆ ಹಬ್ಬಿದ್ದು ಬಿ. ಎಸ್. ರಾಜಯ್ಯಂಗಾರ್ಯರ ಗ್ರಾಮಫೋನ್ ತಟ್ಟೆಯಿಂದ. ಆದ್ದರಿಂದ ಹೊಸ ಧಾಟಿಯನ್ನು ಹಾಕಿದ ಮಾತ್ರಕ್ಕೆ ಚಿತ್ರಸಂಗೀತ ನಿರ್ದೇಶಕ ಅಪರಾಧಿಯಾಗಲಾರ. ಆತನೂ ಆ ಪರಂಪರೆಯ ಹೊಸ ಕೊಂಡಿಯೇ.

ಹಾಗಾದರೆ ನಷ್ಟವಾದದ್ದು ಎಲ್ಲಿ? ಕಾಲಾವಧಿಯಲ್ಲಿ. ಹಳೆಯ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಚಿತ್ರಗೀತೆಯೂ ಬಹುಮಟ್ಟಿಗೆ ಅದೇ ಅಳತೆಗೆ ಒಗ್ಗಿಕೊಂಡಿತು. ಪದವೋ ಪಲ್ಲವಿ, ಅನುಪಲ್ಲವಿ, ಮೂರು, ಐದು, ಕೆಲವೊಮ್ಮೆ ಇನ್ನೂ ಹೆಚ್ಚು ಚರಣಗಳಾಗಿ ಬೆಳೆದದ್ದು. ಅದರ ನಡುವೆ ವಾದ್ಯಮೇಳಕ್ಕೂ ಜಾಗ ಬೇಕು. ಹೀಗಾಗಿ ಕತ್ತರಿ ಬೀಳುವುದು ಸಾಮಾನ್ಯವಾಗಿ ಕೊನೆಯ ಭಾಗಕ್ಕೆ. ದುರ್ದೈವವೆಂದರೆ, ಅಂಕಿತ ಇರುವುದು ಕೊನೆಯ ಚರಣದಲ್ಲಿಯೇ.

ಅಂಕಿತದ ಅರ್ಥ

ಅಂಕಿತವೆಂದರೆ ಕವಿ ಹಾಕಿದ ಬರಿಯ ಸಹಿಯಲ್ಲ. ಶ್ರೀನಿವಾಸ ನಾಯಕರು ತಮ್ಮ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ. ವ್ಯಾಸರಾಯರ ಶಿಷ್ಯರಾದ ಮೇಲೆ "ಪುರಂದರ ವಿಠಲ" ಎಂಬ ದೇವರ ಹೆಸರನ್ನೇ ತಮ್ಮ ಮುದ್ರೆಯಾಗಿ ಇಟ್ಟುಕೊಂಡರು. ಕನಕದಾಸರದು ಕಾಗಿನೆಲೆಯ ಆದಿಕೇಶವ, ವಿಜಯದಾಸರದು ವಿಜಯ ವಿಠಲ, ಜಗನ್ನಾಥದಾಸರದು ಜಗನ್ನಾಥ ವಿಠಲ. ಪದದಲ್ಲಿ ಹೇಳಿದ್ದೆಲ್ಲವನ್ನೂ ಕೊನೆಗೆ ದೇವರ ಪಾದಕ್ಕೆ ಸಮರ್ಪಿಸುವ ಸ್ಥಳವದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಜಮಾ ಚೀಟಿಯಲ್ಲಿ ಮೊತ್ತ ಬರೆದಿದ್ದರೆ ಸಾಲದು, ಯಾರ ಖಾತೆಗೆ ಎಂಬುದೂ ಇರಬೇಕು. ಅಂಕಿತವಿಲ್ಲದ ಪದ ಖಾತೆಯ ಹೆಸರಿಲ್ಲದ ಚೀಟಿ.

ಅಂಕಿತ ಮರೆಯಾದಾಗ ಎರಡು ಬಗೆಯ ಗೊಂದಲ ಉಂಟಾಗುತ್ತದೆ. ಒಬ್ಬರ ಪದ ಇನ್ನೊಬ್ಬರ ಹೆಸರಿಗೆ ಜಮೆಯಾಗುವುದು ಒಂದು. "ಸುಬ್ಬಾಶಾಸ್ತ್ರಿ" ಚಿತ್ರದಲ್ಲಿಯೂ ಬಳಕೆಯಾದ "ಕೃಷ್ಣಾ ನೀ ಬೇಗನೆ ಬಾರೋ" ಪುರಂದರದಾಸರದೆಂದು ಹಲವರು ಭಾವಿಸಿದ್ದಾರೆ. ಅದು ಅವರ ಗುರುಗಳಾದ ವ್ಯಾಸರಾಯರದು. ಕೊನೆಯಲ್ಲಿ ಬರುವ ಉಡುಪಿಯ ಶ್ರೀಕೃಷ್ಣನ ಹೆಸರೇ ಅದಕ್ಕೆ ಸಾಕ್ಷಿ.

ಎರಡನೆಯ ಗೊಂದಲಕ್ಕೆ ಪುಣೆಯಲ್ಲಿಯೇ ಪ್ರಸಿದ್ಧ ಉದಾಹರಣೆಯಿದೆ. ಇಲ್ಲಿನ ಪ್ರಭಾತ್ ಸಂಸ್ಥೆ 1936ರಲ್ಲಿ "ಸಂತ ತುಕಾರಾಂ" ಚಿತ್ರವನ್ನು ನಿರ್ಮಿಸಿತು. ಮರುವರ್ಷ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಅದು ಮನ್ನಣೆ ಪಡೆಯಿತು. ಅದರಲ್ಲಿನ "ಆಧೀ ಬೀಜ ಏಕಲೇ" ಎಂಬ ಗೀತೆಯನ್ನು ಜನ ತುಕಾರಾಮರ ಅಭಂಗವೆಂದೇ ನಂಬಿದರು. ವಿದ್ವಾಂಸರು ಗಾಥೆಯಲ್ಲಿ ಹುಡುಕಿದರೆ ಅದು ಸಿಗಲಿಲ್ಲ. ಆ ಚಿತ್ರಕ್ಕಾಗಿ ಅದನ್ನು ಬರೆದವರು ಶಾಂತಾರಾಮ ಆಠವಲೆ. ಕವಿಯ ಪಾಲಿಗೆ ಇದು ಹೊಗಳಿಕೆಯೇ ಸರಿ, ಆದರೆ ಅವರ ಹೆಸರು ಸಂತರ ನೆರಳಿನಲ್ಲಿ ಮುಚ್ಚಿಹೋಯಿತು. ಹಾಗೆಯೇ "ಸಂಧ್ಯಾರಾಗ"ದಲ್ಲಿ ಭೀಮಸೇನರು ನಾದದೇವತೆಯನ್ನು ಸ್ತುತಿಸಿ ಹಾಡಿದ ಗೀತೆ ದಾಸರ ಪದವಲ್ಲ, ಜಿ. ವಿ. ಅಯ್ಯರ್ ಅವರ ರಚನೆ. ಯಾರದ್ದು ಯಾರದೆಂದು ತಿಳಿದಿರುವುದು ಇಬ್ಬರಿಗೂ ಸಲ್ಲಬೇಕಾದ ನ್ಯಾಯ.

ಕಾಯಿದೆ ಏನು ಹೇಳುತ್ತದೆ?

ಲೆಕ್ಕಿಗನಾದ ನನಗೆ ಸಹಜವಾಗಿಯೇ ಹಣದ ಪ್ರಶ್ನೆ ಎದುರಾಯಿತು. ಪದವನ್ನು ಬಳಸಿದ ಚಿತ್ರದಿಂದ ದಾಸರಿಗೆ ಸಲ್ಲಬೇಕಾದದ್ದೇನು? ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಸಾಹಿತ್ಯ ಮತ್ತು ಸಂಗೀತ ಕೃತಿಗಳ ಹಕ್ಕು ಕರ್ತೃವಿನ ಜೀವಿತಾವಧಿ ಹಾಗೂ ಅನಂತರದ 60 ವರ್ಷಗಳವರೆಗೆ ಇರುತ್ತದೆ. ಮೊದಲು ಇದು 50 ವರ್ಷವಿದ್ದು, 1992ರಲ್ಲಿ ಏರಿತು. ನಾಲ್ಕೂವರೆ ಶತಮಾನಗಳ ಹಿಂದಿನ ದಾಸರ ಪದ ಯಾರ ಸ್ವತ್ತೂ ಅಲ್ಲ, ಎಲ್ಲರ ಸ್ವತ್ತು. ಆದರೆ ಚಿತ್ರಕ್ಕಾಗಿ ಹೊಸದಾಗಿ ಕಟ್ಟಿದ ಧಾಟಿಗೆ ಸಂಗೀತ ನಿರ್ದೇಶಕನ ಹಕ್ಕು ಹುಟ್ಟಬಹುದು. ಧ್ವನಿಮುದ್ರಣಕ್ಕೆ ಬೇರೆಯೇ ಹಕ್ಕು ಉಂಟು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. 2012ರ ತಿದ್ದುಪಡಿ ಚಿತ್ರಗಳಿಗೆ ಬರೆಯುವ ಗೀತರಚನಕಾರರ ಹಾಗೂ ಸಂಗೀತಗಾರರ ಗೌರವಧನದ ಪಾಲನ್ನು ಭದ್ರಪಡಿಸಿತು.

ಹೀಗೆ ಪದದ ಸುತ್ತ ಇರುವ ಎಲ್ಲರಿಗೂ ಏನಾದರೊಂದು ಸಲ್ಲುತ್ತದೆ, ದಾಸರೊಬ್ಬರನ್ನು ಬಿಟ್ಟು. ಸರ್ವಸ್ವವನ್ನೂ ದಾನ ಮಾಡಿ ತಂಬೂರಿ ಹಿಡಿದು ಹೊರಟವರಿಗೆ ಅದರ ಅಪೇಕ್ಷೆಯೂ ಇರಲಿಲ್ಲ. ಅವರು ಪದದೊಳಗೇ ಕಾಣಿಸಿದ ಋಣ ಒಂದೇ: ಕೊನೆಯವರೆಗೆ ಹಾಡಿ, ಅಂಕಿತವನ್ನು ಉಚ್ಚರಿಸುವುದು. ಅದನ್ನು ಕಾಯಿದೆ ವಸೂಲು ಮಾಡಲಾರದು, ನಾವೇ ಸಲ್ಲಿಸಬೇಕು.

ನಾವು ಮಾಡಬಹುದಾದದ್ದು

ಚಲನಚಿತ್ರವನ್ನು ದೂರುವುದು ನನ್ನ ಉದ್ದೇಶವಲ್ಲ. ಊರು ಬಿಟ್ಟು ಬಂದ ನಮ್ಮ ಮನೆಗಳಿಗೆ ಭಜನಾ ಮಂಡಳಿ ಬರಲಿಲ್ಲ, ಹರಿಕಥೆ ಬರಲಿಲ್ಲ. ಚಿತ್ರಗೀತೆ ಮಾತ್ರ ತಪ್ಪದೆ ಬಂದಿತು. ಅದು ಬರದಿದ್ದರೆ ನನ್ನ ಮಗಳು ಆ ಎರಡು ಚರಣಗಳನ್ನೂ ಹಾಡುತ್ತಿರಲಿಲ್ಲ. ಚಿತ್ರ ನಮ್ಮನ್ನು ಬಾಗಿಲವರೆಗೆ ಕರೆತಂದಿದೆ. ಒಳಗೆ ಹೋಗುವ ಕೆಲಸ ನಮ್ಮದು.

ಇದಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ. ಸಂಘದ ಕಾರ್ಯಕ್ರಮಗಳಲ್ಲಿ ಮಕ್ಕಳು ಪದ ಹಾಡುವಾಗ "ಇಂಥ ಚಿತ್ರದ ಗೀತೆ" ಎಂದಷ್ಟೇ ಹೇಳದೆ, ಇಂಥ ದಾಸರ ಪದ, ಧಾಟಿ ಇಂಥವರದು ಎಂದು ಹೇಳಿಸೋಣ. ಸಮಯ ಕಡಿಮೆಯಿದ್ದರೆ ನಡುವಿನ ಚರಣವೊಂದನ್ನು ಬಿಟ್ಟು, ಅಂಕಿತವಿರುವ ಚರಣವನ್ನು ತಪ್ಪದೆ ಹಾಡಿಸೋಣ. ಮನೆಯ ಹಿರಿಯರು ಬಲ್ಲ ಪದಗಳನ್ನು ಇಂದೇ ಬರೆದಿಟ್ಟುಕೊಳ್ಳೋಣ. ಮುದ್ರಿತ ಸಂಗ್ರಹಗಳಲ್ಲಿ ಸಿಗದ ಪಾಠಾಂತರ ಅವರ ಕಂಠದಲ್ಲಿರಬಹುದು. ಜ್ಯೇಷ್ಠದಲ್ಲಿ ಪಂಢರಪುರದ ಪಾಲಕಿಗಳು ಈ ಊರನ್ನು ಹಾದುಹೋಗುವಾಗ ನೆರೆಯ ಮರಾಠಿ ಬಂಧುಗಳು ಅಭಂಗವನ್ನು "ತುಕಾ ಮ್ಹಣೇ" ಎನ್ನುವವರೆಗೂ ಹಾಡುತ್ತಾರೆ. ಅವರು ಭಜಿಸುವ ವಿಠಲನೇ ನಮ್ಮ ದಾಸರ ಅಂಕಿತದಲ್ಲಿಯೂ ಇರುವವನು.

ನನ್ನ ತಾಯಿ ಮರೆತ ಚರಣ ಒಂದು ವಾರದ ಮೇಲೆ ಹಳೆಯ ಪದಸಂಗ್ರಹವೊಂದರಲ್ಲಿ ದೊರೆಯಿತು. ಮಗಳು ಅದನ್ನು ತನ್ನ ನೋಟುಪುಸ್ತಕಕ್ಕೆ ನಿಧಾನವಾಗಿ ಕನ್ನಡದಲ್ಲಿ ಬರೆದುಕೊಂಡಳು. ಈಗ ಶುಕ್ರವಾರದ ಸಂಜೆ ಅಜ್ಜಿ ಮೊದಲ ಚರಣಗಳನ್ನು ಹಾಡುತ್ತಾರೆ, ಮಾತು ತಪ್ಪಿದಲ್ಲಿ ಮೊಮ್ಮಗಳು ಎತ್ತಿಕೊಡುತ್ತಾಳೆ. ಅಂಕಿತವನ್ನು ಇಬ್ಬರೂ ಕೂಡಿಯೇ ಹೇಳುತ್ತಾರೆ. ಓದುಗ ಬಂಧುಗಳ ಮನೆಗಳಲ್ಲಿಯೂ ಪದಗಳು ಹೀಗೆಯೇ ಪೂರ್ಣವಾಗಲೆಂದು ಹಾರೈಸುತ್ತೇನೆ.