ಕಾರ್ಡ್ ತೋರಿಸಿದ್ರೆ ಸಾಕು, ಬಿಲ್ ಕೊನೇ ರಾತ್ರಿ ಬರುತ್ತೆ: ಕ್ರೂಸ್ ಹಡಗಿನ ಡ್ರಿಂಕ್ಸ್, ಟಿಪ್ಸ್ ಲೆಕ್ಕ

ಇವತ್ತಿನ ಸಂಚಿಕೆ ಒಂದು ಬಿಲ್ ಬಗ್ಗೆ, ಆ ಬಿಲ್‌ನ ಒಂದೇ ಒಂದು ಸಾಲಿನ ಬಗ್ಗೆ.

ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ವಾಪಸ್ ಬರೋ ನಾಲ್ಕು ರಾತ್ರಿಯ ಕ್ರೂಸ್. ಕೊನೇ ರಾತ್ರಿ ಹನ್ನೊಂದು ಗಂಟೆಗೆ ನಾನು, ನನ್ನ ಗೆಳೆಯ ಇಬ್ಬರೂ ಗೆಸ್ಟ್ ಸರ್ವಿಸ್ ಕೌಂಟರ್ ಮುಂದೆ ಕ್ಯೂನಲ್ಲಿ ನಿಂತಿದ್ವಿ. ನಮ್ಮ ಮುಂದೆ ಇಪ್ಪತ್ತು ಜನ ಇದ್ರು. ಎಲ್ಲರ ಕೈಯಲ್ಲೂ ಮೊಬೈಲ್, ಮೊಬೈಲ್‌ನಲ್ಲಿ ಹಡಗಿನ ಆ್ಯಪ್, ಆ್ಯಪ್‌ನಲ್ಲಿ ಬಿಲ್. ಮುಕ್ಕಾಲು ಪಾಲು ಜನ ಬಂದಿದ್ದು ಒಂದೇ ಕೆಲಸಕ್ಕೆ: 'ಗ್ರಾಚುಯಿಟಿ' ಅಂತ ಬರೆದಿರೋ ಸಾಲನ್ನ ತೆಗೆಸೋಕೆ. ನಮ್ಮೂರಲ್ಲಿ ಗ್ರಾಚುಯಿಟಿ ಅಂದ್ರೆ ಕೆಲಸ ಬಿಟ್ಟಾಗ ಕಂಪನಿ ಕೊಡೋ ದುಡ್ಡು. ಹಡಗಿನಲ್ಲಿ ಅದರ ಅರ್ಥ ಟಿಪ್ಸ್. ನಮ್ಮ ಹಡಗಲ್ಲಿ ತಲೆಗೆ ದಿನಕ್ಕೆ 18 ಡಾಲರ್. ಇಬ್ಬರಿಗೆ ನಾಲ್ಕು ದಿನಕ್ಕೆ 144 ಡಾಲರ್. ಡಾಲರಿಗೆ 90 ರೂಪಾಯಿ ಅಂತ ಹಿಡಿದ್ರೆ ಹತ್ತಿರ ಹತ್ತಿರ 13 ಸಾವಿರ.

'ನಾನು ಯಾರಿಗೆ, ಯಾವಾಗ ಕೊಟ್ಟೆ ಗುರು ಇದನ್ನ?' ಅಂತ ಗೆಳೆಯ ಕೇಳಿದ. ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಈ ಎಪಿಸೋಡ್ ಪೂರ್ತಿ ಅದಕ್ಕೇ ಉತ್ತರ.

ಮೊದಲಿಂದ ಬರ್ತೀನಿ. ಕ್ರೂಸ್ ಹಡಗಲ್ಲಿ ನಗದು ನಡೆಯಲ್ಲ. ಚೆಕ್ ಇನ್ ಆದಾಗ ಒಂದು ಪ್ಲಾಸ್ಟಿಕ್ ಕಾರ್ಡ್ ಕೊಡ್ತಾರೆ, ಕೆಲವು ಕಂಪನಿಗಳು ಕೈಗೆ ಕಟ್ಟಿಕೊಳ್ಳೋ ಪಟ್ಟಿ ಕೊಡ್ತವೆ. ರೂಮಿನ ಕೀಲಿಯೂ ಅದೇ, ಗುರುತಿನ ಚೀಟಿಯೂ ಅದೇ, ಪರ್ಸೂ ಅದೇ. ಬಾರ್‌ನಲ್ಲಿ ತೋರಿಸಿದ್ರೆ ಸಾಕು, ಮೊತ್ತ ನಿಮ್ಮ ರೂಮಿನ ಖಾತೆಗೆ ಹೋಗಿ ಕೂರುತ್ತೆ. ಆ ಖಾತೆಯ ಹಿಂದೆ ನಿಮ್ಮ ಬ್ಯಾಂಕ್ ಕಾರ್ಡ್ ಇರುತ್ತೆ. ಕೈಯಿಂದ ನೋಟು ಹೋಗೋದು ಕಾಣಲ್ಲ, ಒಟಿಪಿ ಬರಲ್ಲ, ಫೋನ್‌ಪೇ ಸದ್ದೂ ಇಲ್ಲ. ದಿನಕ್ಕೆ ಹತ್ತು ಸಲ ಯುಪಿಐ ಮಾಡೋ ನಮ್ಮಂಥವರಿಗೆ ಆ ಸದ್ದೇ ಒಂದು ಬ್ರೇಕ್. ಅದಿಲ್ಲದೆ ಇದ್ದಾಗ ಖರ್ಚು ಖರ್ಚು ಅಂತಲೇ ಅನ್ಸಲ್ಲ.

ಇಲ್ಲಿ ಒಂದು ಎಚ್ಚರಿಕೆ. ಖಾತೆಗೆ ಡೆಬಿಟ್ ಕಾರ್ಡ್ ಅಥವಾ ಫಾರೆಕ್ಸ್ ಕಾರ್ಡ್ ಜೋಡಿಸಬೇಡಿ. ನೀವು ಖರ್ಚು ಮಾಡಿದ ಹಾಗೆ ಹಡಗಿನವರು ಆ ಮೊತ್ತವನ್ನ ಬ್ಯಾಂಕಿನಲ್ಲಿ ತಡೆಹಿಡೀತಾರೆ. ಕ್ರೆಡಿಟ್ ಕಾರ್ಡ್ ಆದ್ರೆ ಲಿಮಿಟ್ ಸ್ವಲ್ಪ ಕಡಿಮೆ ಕಾಣುತ್ತೆ, ಅಷ್ಟೇ. ಡೆಬಿಟ್ ಆದ್ರೆ ನಿಮ್ಮ ಸ್ವಂತ ದುಡ್ಡೇ ಸಿಕ್ಕಿಹಾಕಿಕೊಳ್ಳುತ್ತೆ, ಪ್ರವಾಸ ಮುಗಿದು ಕೆಲವು ದಿನ ಆದಮೇಲೂ ಬಿಡುಗಡೆ ಆಗದೆ ಇರಬಹುದು. ಕ್ರೆಡಿಟ್ ಕಾರ್ಡೇ ಇಲ್ಲದವರು ಕೌಂಟರ್‌ನಲ್ಲಿ ಮೊದಲೇ ನಗದು ಠೇವಣಿ ಇಡಬಹುದು, ಬಹಳಷ್ಟು ಹಡಗುಗಳಲ್ಲಿ ಆ ವ್ಯವಸ್ಥೆ ಇದೆ.

ಈಗ ಡ್ರಿಂಕ್ಸ್. ಟಿಕೆಟ್‌ನಲ್ಲಿ ಊಟ ಸೇರಿದೆ ಅಂದ್ರೆ ಕುಡಿಯೋದೂ ಸೇರಿದೆ ಅಂತ ನಾನೂ ಅಂದುಕೊಂಡಿದ್ದೆ. ಬಫೆಯಲ್ಲಿ ನೀರು, ಟೀ, ಮಾಮೂಲಿ ಕಾಫಿ, ನಿಂಬೆ ಶರಬತ್ತು ಫ್ರೀ. ಆದ್ರೆ ಕೋಕ್ ತಗೊಂಡ್ರೆ ಬಿಲ್. ಬಾಟಲ್ ನೀರಿಗೆ ಬಿಲ್. ಕೆಫೆ ಕೌಂಟರ್‌ನ ಲಾಟೆಗೆ ಬಿಲ್. ಆ ಫ್ರೀ ಕಾಫಿ ಹೇಗಿತ್ತು ಅಂತ ಫಿಲ್ಟರ್ ಕಾಫಿ ಕುಡಿಯೋರಿಗೆ ವಿವರಿಸೋದು ಬೇಡ. ಎರಡನೇ ದಿನದಿಂದ ನಾನು ಲಾಟೆಗೆ ಹೋದೆ, ನನ್ನ ಬಿಲ್‌ನಲ್ಲಿ ಅರ್ಧ ಅದೇ.

ಮೆನು ಕಾರ್ಡ್‌ನಲ್ಲಿ ಕಾಕ್‌ಟೇಲ್ 14 ಡಾಲರ್ ಅಂತ ಇದೆ ಅನ್ಕೊಳ್ಳಿ. ಅದು ನೀವು ಕೊಡೋ ಬೆಲೆ ಅಲ್ಲ. ಪ್ರತಿ ಡ್ರಿಂಕ್ ಮೇಲೂ ತಾನಾಗೇ ಸರ್ವಿಸ್ ಚಾರ್ಜ್ ಬೀಳುತ್ತೆ. ರಾಯಲ್ ಕೆರಿಬಿಯನ್‌ನಲ್ಲಿ ಶೇ 18, ನಾರ್ವೇಜಿಯನ್ ಕ್ರೂಸ್ ಲೈನ್‌ನಲ್ಲಿ ಶೇ 20. ಶೇ 18 ಸೇರಿಸಿದ್ರೆ 16.52 ಡಾಲರ್. 90ರ ಲೆಕ್ಕದಲ್ಲಿ 1,487 ರೂಪಾಯಿ. ಅದರ ಮೇಲೆ ನಮ್ಮ ಬ್ಯಾಂಕು. ವಿದೇಶಿ ಕರೆನ್ಸಿಯ ಖರ್ಚಿಗೆ ನಮ್ಮ ಎಷ್ಟೋ ಕ್ರೆಡಿಟ್ ಕಾರ್ಡ್‌ಗಳು ಶೇ 3.5 ಮಾರ್ಕಪ್ ಹಾಕ್ತವೆ, ಆ ಮಾರ್ಕಪ್ ಮೇಲೆ ಶೇ 18 ಜಿಎಸ್‌ಟಿ. ಕೊನೆಗೆ 1,548 ರೂಪಾಯಿ ಆಯ್ತು. ಮೆನು ನೋಡಿ ನೀವು ಮನಸ್ಸಲ್ಲಿ ಹಾಕಿದ ಲೆಕ್ಕ 1,260.

ಇದಾದ ಮೇಲೂ ರಸೀದಿಯಲ್ಲಿ ಇನ್ನೊಂದು ಖಾಲಿ ಜಾಗ ಬಿಟ್ಟಿರ್ತಾರೆ: ಹೆಚ್ಚುವರಿ ಟಿಪ್. ಮೊದಲನೇ ದಿನ ನನ್ನ ಗೆಳೆಯ, ಟಿಪ್ ಇನ್ನೂ ಕೊಟ್ಟಿಲ್ಲ ಅಂದುಕೊಂಡು, ಪಾಪ ಅಂತ ಅಲ್ಲಿ 2 ಡಾಲರ್ ಬರೆದು ಸಹಿ ಹಾಕ್ದ. ಶೇ 18 ಆಗಲೇ ಸೇರಿತ್ತು. ಕೊಡಬಾರದು ಅಂತ ನಾನು ಹೇಳ್ತಿಲ್ಲ, ಗೊತ್ತಿದ್ದು ಕೊಡಿ. ಆ ಜಾಗ ಖಾಲಿ ಬಿಟ್ರೆ ಯಾರಿಗೂ ಅವಮಾನ ಆಗಲ್ಲ.

ಹಾಗಾದ್ರೆ ಡ್ರಿಂಕ್ಸ್ ಪ್ಯಾಕೇಜ್ ತಗೊಂಡುಬಿಡೋಣ ಅಂತ ಎಲ್ಲರಿಗೂ ಅನ್ಸುತ್ತೆ. ಬುಕಿಂಗ್ ಆದ ದಿನದಿಂದ ಇಮೇಲ್‌ಗಳು ಬರೋದೂ ಅದಕ್ಕೇ. ಉದಾಹರಣೆಗೆ ಪ್ಯಾಕೇಜ್ ದಿನಕ್ಕೆ 80 ಡಾಲರ್ ಅಂತಿಟ್ಕೊಳ್ಳಿ. ಅದಕ್ಕೂ ಶೇ 18 ಸೇರಿ 94.40. ಅಂದ್ರೆ ದಿನಕ್ಕೆ ಆರು ಕಾಕ್‌ಟೇಲ್ ಕುಡಿದ್ರೆ ಮಾತ್ರ ಗಿಟ್ಟುತ್ತೆ, ಪ್ರತಿ ದಿನವೂ, ಊರು ನೋಡೋಕೆ ಇಳಿದ ದಿನವೂ. ಅಸಲಿ ತಿರುವು ಇರೋದು ಇನ್ನೊಂದು ಕಡೆ. ರಾಯಲ್ ಕೆರಿಬಿಯನ್, ಕಾರ್ನಿವಲ್ ಥರದ ದೊಡ್ಡ ಕಂಪನಿಗಳಲ್ಲಿ ಒಂದು ರೂಮಿನಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ತಗೊಂಡ್ರೆ, ಅದೇ ರೂಮಿನ ಕುಡಿಯೋ ವಯಸ್ಸಿನ ಉಳಿದವರೂ ತಗೋಬೇಕು. ಒಬ್ಬ ತಗೊಂಡು ರೂಮಿಗೆಲ್ಲ ಹಂಚಬಾರದು ಅಂತ ಈ ನಿಯಮ. ನಮ್ಮಲ್ಲಿ ಗೆಳೆಯ ಕುಡೀತಾನೆ, ನನಗೆ ಲಾಟೆ ಸಾಕು. ನನ್ನ ಪಾಲಿನ ಕಾಕ್‌ಟೇಲನ್ನೂ ಅವನೇ ಕುಡಿದು ದುಡ್ಡು ಗಿಟ್ಟಿಸಬೇಕು ಅಂದ್ರೆ ದಿನಕ್ಕೆ ಹನ್ನೆರಡು. ಕಾರ್ನಿವಲ್‌ನ ಪ್ಯಾಕೇಜ್‌ನಲ್ಲಿ 24 ಗಂಟೆಗೆ 15 ಮದ್ಯದ ಡ್ರಿಂಕ್‌ಗಳ ಮಿತಿ ಬೇರೆ ಇದೆ. ನಾವು ಪ್ಯಾಕೇಜ್ ಬಿಟ್ವಿ, ಆ ಪ್ರವಾಸದಲ್ಲಿ ನಾವು ಮಾಡಿದ ಬುದ್ಧಿವಂತಿಕೆ ಅದೊಂದೇ.

ಬಾಟಲ್ ಬಚ್ಚಿಟ್ಟು ತಗೊಂಡು ಹೋಗೋ ಯೋಚನೆ ಇದ್ರೆ, ಬ್ಯಾಗುಗಳೆಲ್ಲ ಸ್ಕ್ಯಾನ್ ಆಗ್ತವೆ. ಹತ್ತೋ ದಿನ ಒಬ್ಬರಿಗೆ ಒಂದು 750 ಎಂಎಲ್ ವೈನ್ ಬಾಟಲ್ ಬಿಡೋ ಕಂಪನಿಗಳಿವೆ. ದಾರಿಯ ಬಂದರಿನಲ್ಲಿ ಕೊಂಡಿದ್ದನ್ನ ಹತ್ತುವಾಗ ತೆಗೆದಿಟ್ಟುಕೊಂಡು ಕೊನೇ ದಿನ ವಾಪಸ್ ಕೊಡ್ತಾರೆ.

ಸರಿ, ಮತ್ತೆ ಕ್ಯೂಗೆ ಬರೋಣ. ಗೆಳೆಯನ ವಾದ ಗಟ್ಟಿಯಾಗೇ ಇತ್ತು. 'ಬೆಂಗಳೂರಲ್ಲಿ ಹೋಟೆಲ್‌ನವರು ಸರ್ವಿಸ್ ಚಾರ್ಜ್ ಹಾಕಿದ್ರೆ ತೆಗೀರಿ ಅಂತೀವಲ್ಲ, ಇಲ್ಯಾಕೆ ಬಾಯಿ ಮುಚ್ಕೊಂಡಿರಬೇಕು?' ಅಂದ. ನಿಜ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿ, ಹೋಟೆಲು ರೆಸ್ಟೊರೆಂಟುಗಳು ತಾವಾಗೇ ಬಿಲ್‌ಗೆ ಸರ್ವಿಸ್ ಚಾರ್ಜ್ ಸೇರಿಸೋ ಹಾಗಿಲ್ಲ ಅಂತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನ ಎತ್ತಿ ಹಿಡೀತು. ಆದ್ರೆ ಸಿಂಗಪುರದಿಂದ ಹೊರಟ ವಿದೇಶಿ ಹಡಗಿಗೆ ಇದು ಅನ್ವಯಿಸಲ್ಲ. ಅಲ್ಲಿ ನಡೆಯೋದು ಟಿಕೆಟ್ ಜತೆ ನೀವು ಒಪ್ಪಿಕೊಂಡ ಕಂಪನಿಯ ನಿಯಮ. ತಮಾಷೆ ಅಂದ್ರೆ, ದಿನದ ಗ್ರಾಚುಯಿಟಿಯನ್ನ ಕೌಂಟರ್‌ನಲ್ಲಿ ಕೇಳಿ ಕಡಿಮೆ ಮಾಡಿಸೋಕೆ, ತೆಗೆಸೋಕೆ ಎಷ್ಟೋ ಕಂಪನಿಗಳೇ ಅವಕಾಶ ಕೊಟ್ಟಿವೆ. ಆ ಕ್ಯೂ ಇದ್ದಿದ್ದೇ ಅದಕ್ಕೆ.

ಮುಂಚೆ ಹೀಗಿರಲಿಲ್ಲ. ಪ್ರತಿ ರಾತ್ರಿ ಅದೇ ಟೇಬಲ್, ಅದೇ ವೇಟರ್. ಕೊನೇ ರಾತ್ರಿ ಕವರ್‌ನಲ್ಲಿ ನಗದು ಹಾಕಿ ವೇಟರ್‌ಗೆ, ಅವನ ಸಹಾಯಕನಿಗೆ, ರೂಮ್ ನೋಡಿಕೊಂಡವನಿಗೆ ಕೈಯಾರೆ ಕೊಡೋದು ಪದ್ಧತಿ. 2000ದಲ್ಲಿ ನಾರ್ವೇಜಿಯನ್ ಕಂಪನಿ ಎಲ್ಲಿ ಬೇಕೋ ಅಲ್ಲಿ, ಯಾವಾಗ ಬೇಕೋ ಆಗ ಊಟ ಮಾಡೋ ಕ್ರಮ ತಂತು. ದಿನಾ ಬೇರೆ ವೇಟರ್ ಆದಾಗ ಕವರ್ ಯಾರಿಗೆ ಕೊಡ್ತೀರಿ? ಟಿಪ್ಸನ್ನ ಬಿಲ್‌ಗೇ ಸೇರಿಸಿ ಹಂಚೋ ಪದ್ಧತಿ ಹೀಗೆ ಬೇರೂರಿತು.

ಹಂಚೋದು ಯಾರಿಗೆ? ಇದನ್ನ ನನಗೆ ಹೇಳಿದ್ದು ಬಾರ್‌ನಲ್ಲಿದ್ದ ಉಡುಪಿ ಕಡೆಯ ಹುಡುಗ. ನಾವು ಕನ್ನಡದಲ್ಲಿ ಮಾತಾಡೋದು ಕೇಳಿ, 'ಯಾವ ಊರು ಮಾರ್ರೆ ನಿಮ್ದು?' ಅಂತ ಬಂದವನು. ಕರಾವಳಿಯಿಂದ ಹಡಗಿನ ಕೆಲಸಕ್ಕೆ ಹೋಗೋರು ಬಹಳ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಸಮುದ್ರ ಸುರಕ್ಷತೆಯ ತರಬೇತಿ ಮುಗಿಸಿ, ಸಿಡಿಸಿ ಪುಸ್ತಕ ಮಾಡಿಸಿಕೊಂಡು ಬಂದಿದ್ದ. ಗ್ರಾಚುಯಿಟಿ ತೆಗೆಸ್ಲಾ ಅಂತ ಗೆಳೆಯ ಅವನನ್ನೇ ನೇರವಾಗಿ ಕೇಳಿಬಿಟ್ಟ. ಅವನಿಗೆ ಮುಜುಗರ ಆಯ್ತು, ಯಾಕಂದ್ರೆ ಟಿಪ್ಸ್ ಕೊಡಿ ಅಂತ ಅವರು ಕೇಳೋ ಹಾಗಿಲ್ಲ.

ಸುತ್ತ ನೋಡಿ ಹೇಳ್ದ: 'ಆ ದಿನದ ದುಡ್ಡಲ್ಲಿ ನನಗೆ ಬರುವುದಿಲ್ಲ ಮಾರ್ರೆ, ನಮ್ದು ಡ್ರಿಂಕ್ಸಿನ ಹದಿನೆಂಟು ಪರ್ಸೆಂಟ್. ಹಾಗಾಗಿ ಹೇಳ್ತೇನೆ. ಅದು ಹೋಗುವುದು ನಿಮ್ಮ ರೂಮ್ ಕ್ಲೀನ್ ಮಾಡುವವನಿಗೆ, ಊಟ ಬಡಿಸುವವರಿಗೆ. ಅವ್ರಿಗೆ ಬೇಸಿಕ್ ಎಂತ ಇರ್ತದೆ? ಅದು ಟಿಪ್ಸ್ ಅಲ್ಲ, ಸಂಬಳವೇ.'

ನಮ್ಮ ರೂಮಿನವನು ಫಿಲಿಪ್ಪೀನ್ಸ್‌ನವನು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬರ್ತಿದ್ದ. ಟವಲ್‌ನಲ್ಲಿ ಆನೆ ಮಾಡಿ ಇಟ್ಟು ಹೋಗ್ತಿದ್ದ. ಒಂದೊಂದು ಕಾಂಟ್ರ್ಯಾಕ್ಟ್ ಆರರಿಂದ ಒಂಬತ್ತು ತಿಂಗಳು. ಪೂರ್ತಿ ದಿನದ ವಾರದ ರಜೆ ಅನ್ನೋದು ಸಾಮಾನ್ಯವಾಗಿ ಇರಲ್ಲ, ಬಿಡುವು ಅಂದ್ರೆ ಗಂಟೆಗಳ ಲೆಕ್ಕ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ ಸಾಗರ ಕಾರ್ಮಿಕ ಒಪ್ಪಂದ ಹಾಕಿರೋ ಗಡಿಯೇ ನೋಡಿ: ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ಉಳಿದಿದ್ದನ್ನ ನೀವೇ ಕಳೀರಿ. ಇನ್ನು ಹಡಗುಗಳು ನೋಂದಣಿ ಆಗಿರೋದು ಬಹಾಮಾಸ್, ಪನಾಮ, ಬರ್ಮುಡಾ ಥರದ ದೇಶಗಳಲ್ಲಿ. ಕಂಪನಿಯ ಆಫೀಸ್ ಮಯಾಮಿಯಲ್ಲಿದ್ರೂ ಅಮೆರಿಕದ ಕನಿಷ್ಠ ವೇತನ ಈ ಹುಡುಗರಿಗೆ ಸಿಗಲ್ಲ. ನಿಶಾನೆ ಯಾವ ದೇಶದ್ದೋ ಕಾನೂನು ಆ ದೇಶದ್ದು.

'ತೆಗೆಸಿ ಅವನ ಕೈಗೇ ನಗದು ಕೊಟ್ರೆ ಆಯ್ತಲ್ಲ' ಅಂತ ನಾನಂದೆ. ಅದರಲ್ಲೂ ಒಂದು ತೊಡಕಿದೆ. ಗ್ರಾಚುಯಿಟಿ ತೆಗೆಸಿದ ರೂಮಿನಿಂದ ಬಂದ ನಗದನ್ನ ಕೆಲಸಗಾರರು ಒಟ್ಟು ನಿಧಿಗೇ ಹಾಕಬೇಕು ಅನ್ನೋ ನಿಯಮ ಕೆಲವು ಕಂಪನಿಗಳಲ್ಲಿದೆ. ಜತೆಗೆ ನಾವು ನೋಡಿದ್ದು ಒಬ್ಬನನ್ನ. ಬಫೆಯಲ್ಲಿ ತಟ್ಟೆ ಎತ್ತಿದವರ ಮುಖ ನನಗೆ ನೆನಪಿಲ್ಲ. ಕೈಯಲ್ಲಿ ಕೊಟ್ರೆ ಅವರಿಗೆ ಏನೂ ಹೋಗಲ್ಲ.

ಗೆಳೆಯ ಸುಮ್ಮನಾದ, ಒಪ್ಪಲಿಲ್ಲ. 'ಸಂಬಳ ಅಂದಮೇಲೆ ಟಿಕೆಟ್ ರೇಟ್‌ಗೇ ಸೇರಿಸಲಿ. ಟಿಕೆಟ್ ಅಗ್ಗ ಅಂತ ಜಾಹೀರಾತು ಹಾಕಿ, ಸಂಬಳದ ಹೊರೆ ನಮ್ಮ ಮನಸ್ಸಾಕ್ಷಿ ಮೇಲೆ ಯಾಕೆ?' ಅಂದ. ಇದರಲ್ಲಿ ನಾನು ಪೂರ್ತಿ ಅವನ ಕಡೆ. ಸೇರಿಸೋಕೆ ಆಗಲ್ಲ ಅನ್ನೋದೂ ಸುಳ್ಳು. ಬ್ರಿಟನ್ನಿನ ಪಿ ಆ್ಯಂಡ್ ಓ ಕ್ರೂಸಸ್ 2019ರ ಮೇ ತಿಂಗಳಿಂದ ದಿನದ ಟಿಪ್ಸನ್ನ ತೆಗೆದು ದರದೊಳಗೇ ಸೇರಿಸ್ತು. ಸಿಟ್ಟು ಬರಬೇಕಾದ್ದೇ. ಆದ್ರೆ ಆ ರಾತ್ರಿ ಕೌಂಟರ್‌ನಲ್ಲಿ ಆ ಸಾಲನ್ನ ತೆಗೆಸಿದ್ರೆ ಏಟು ಬೀಳೋದು ಮಯಾಮಿಗಲ್ಲ, ಟವಲ್‌ ಆನೆ ಮಾಡಿದವನಿಗೆ.

ನಮ್ಮ ಸರದಿ ಬಂತು. ಗೆಳೆಯ ಗ್ರಾಚುಯಿಟಿ ವಿಷಯ ಎತ್ತಲಿಲ್ಲ. ಬದಲಿಗೆ ಮೂರನೇ ದಿನದ ಒಂದು ಡ್ರಿಂಕ್ ಎರಡು ಸಲ ಬಿದ್ದಿತ್ತು, ಅದನ್ನ ತೋರಿಸಿದ. ಒಂದೇ ನಿಮಿಷದಲ್ಲಿ ಸರಿ ಮಾಡಿಕೊಟ್ರು. ಹಾಗಾಗಿ ದಿನಾ ಮಲಗೋ ಮುಂಚೆ ಆ್ಯಪ್‌ನಲ್ಲಿ ಬಿಲ್ ನೋಡಿ, ಕೊನೇ ರಾತ್ರಿಯ ಕ್ಯೂ ತಪ್ಪುತ್ತೆ. ದುಡ್ಡು ಕಟ್ಟುವಾಗ ರೂಪಾಯಿಯಲ್ಲಿ ಬಿಲ್ ಮಾಡ್ಲಾ ಅಂತ ಯಾರಾದ್ರೂ ಕೇಳಿದ್ರೆ ಬೇಡ ಅನ್ನಿ. ಅವರ ಪರಿವರ್ತನೆ ದರ ಸಾಮಾನ್ಯವಾಗಿ ನಮ್ಮ ಬ್ಯಾಂಕಿಗಿಂತ ದುಬಾರಿ. ಟಿಕೆಟ್ ಬುಕ್ ಮಾಡೋ ದಿನವೇ ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಗ್ರಾಚುಯಿಟಿ ಸೇರಿಸಿ ಒಟ್ಟು ಬೆಲೆ ನೋಡಿ. ಆಗಲೂ ಜೇಬಿಗೆ ಹೊಂದಿದ್ರೆ ಮಾತ್ರ ಹೊರಡಿ.

ಪ್ರವಾಸ ಆದಮೇಲೆ ಕಂಪನಿಯಿಂದ ಒಂದು ಸಮೀಕ್ಷೆ ಬರುತ್ತೆ. ಚೆನ್ನಾಗಿ ನೋಡಿಕೊಂಡವರ ಹೆಸರನ್ನ ಅದರಲ್ಲಿ ಬರೀರಿ, ಮುಂದಿನ ಕಾಂಟ್ರ್ಯಾಕ್ಟ್‌ಗೆ ಅದು ಕೆಲಸಕ್ಕೆ ಬರುತ್ತೆ ಅಂತ ಉಡುಪಿಯ ಹುಡುಗ ಹೇಳಿದ್ದ. ನಾವು ಇಬ್ಬರ ಹೆಸರೂ ಬರೆದ್ವಿ. ಬೆಳಿಗ್ಗೆ ಇಳಿಯುವಾಗ ಅವನು ಸಿಗಲಿಲ್ಲ. ಮಧ್ಯಾಹ್ನಕ್ಕೆ ಅದೇ ಹಡಗು ಹೊಸ ಜನರನ್ನ ಹತ್ತಿಸಿಕೊಂಡು ಮತ್ತೆ ಹೊರಡೋದಿತ್ತು, ಅವನು ಆಗಲೇ ಕೆಲಸದಲ್ಲಿದ್ದ.

ನಿಮಗೂ ಇಂಥ ಬಿಲ್ ಬಂದಿದ್ರೆ ನಮಗೆ ಬರೆದು ಕಳಿಸಿ. ಮುಂದಿನ ವಾರ ಸಿಗೋಣ.