ಮಗಳ ಮನೆಯ ಸುತ್ತ ಒಂದು ಮೈಲಿ

ಕುವೆಂಪುನಗರ, ಸರಸ್ವತಿಪುರ, ಒಂಟಿಕೊಪ್ಪಲು, ಮೈಸೂರಿನ ಯಾವ ಬಡಾವಣೆಯಲ್ಲಿ ವಿಚಾರಿಸಿದರೂ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಯೊಂದು ಸಿಗುತ್ತದೆ. ಬಾಣಂತನಕ್ಕೋ ಮೊಮ್ಮಗುವಿನ ಹುಟ್ಟುಹಬ್ಬಕ್ಕೋ ಹೊರಟ ಅಪ್ಪ ಅಮ್ಮ ವೀಸಾ, ಟಿಕೆಟ್, ಸೂಟ್‌ಕೇಸಿನ ತೂಕ ಎಲ್ಲವನ್ನೂ ಹತ್ತು ಸಲ ನೋಡಿಕೊಳ್ಳುತ್ತಾರೆ. ಹೋಗಿ ಇಳಿಯುವ ಊರು ಹೇಗೆ ನಡೆಯುತ್ತದೆ ಎಂದು ಮಾತ್ರ ಕೇಳುವುದಿಲ್ಲ. ನೆಂಟರಿಷ್ಟರಿಗೆ ‘ಚಿಕಾಗೊ’ ಎಂದು ಹೇಳಿ ಹೊರಡುತ್ತಾರೆ. ಆದರೆ ಬಹಳ ಜನ ತಂಗುವುದು ಚಿಕಾಗೊದಲ್ಲಲ್ಲ, ಅಲ್ಲಿಂದ ಸುಮಾರು 45 ಕಿಲೋಮೀಟರ್ ಪಶ್ಚಿಮದ ನೇಪರ್‌ವಿಲ್‌ನಲ್ಲಿ, ಅದರಾಚೆಯ ಅರೋರಾದಲ್ಲಿ, ಇಲ್ಲವೇ ವಾಯವ್ಯಕ್ಕಿರುವ ಶಾಂಬರ್ಗ್‌ನಲ್ಲಿ. ಬೀದಿ ಚೊಕ್ಕಟ, ಮನೆ ವಿಶಾಲ, ಹಿತ್ತಿಲ ಹುಲ್ಲಿನಲ್ಲಿ ಮೊಲ. ಬೆಳಗ್ಗೆ ಮಕ್ಕಳು ಕೆಲಸಕ್ಕೆ ಹೊರಟರೆಂದರೆ ಸಂಜೆಯವರೆಗೆ ಬೀದಿಯಲ್ಲಿ ನರಮನುಷ್ಯರು ಕಾಣುವುದು ಅಪರೂಪ. ಎರಡನೇ ವಾರ ಮುಗಿಯುವಷ್ಟರಲ್ಲಿ ‘ಟಿಕೆಟ್ ಮುಂಚೆ ಮಾಡಿಸೋಕಾಗುತ್ತಾ?’ ಎಂಬ ಮಾತು ಬರುತ್ತದೆ.

ಆ ಮಾತು ಬರದ ಹಾಗೆ ಏನೇನು ಮಾಡಿಕೊಳ್ಳಬಹುದು ಎಂಬುದಕ್ಕೆ ಈ ಲೇಖನ. ನೇಪರ್‌ವಿಲ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಓಹಾಯೊ, ಮಿಷಿಗನ್, ಮಿನೆಸೋಟಾದ ಉಪನಗರಗಳಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಮೊದಲು ಆ ನಿಶ್ಶಬ್ದ ಎಲ್ಲಿಂದ ಬಂತೆಂದು ತಿಳಿದುಕೊಳ್ಳಬೇಕು. ಅದು ಅಕ್ಕಪಕ್ಕದವರ ಬಿಗುಮಾನವಲ್ಲ, ಊರು ಕಟ್ಟಿದ ರೀತಿ. ಮೈಸೂರಿನಲ್ಲಿ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾದ ಮೇಲೆ ಬಡಾವಣೆಗಳು ಅಡ್ಡರಸ್ತೆ, ಮುಖ್ಯರಸ್ತೆಗಳ ಚೌಕದಲ್ಲಿ ಬೆಳೆದವು. ಮನೆಯ ಮುಂದಿನ ಕೋಣೆಯಲ್ಲೇ ದಿನಸಿ ಅಂಗಡಿ, ತಿರುವಿನಲ್ಲಿ ಹೂವಿನವರು, ನಾಲ್ಕು ಹೆಜ್ಜೆಗೆ ಹಾಲಿನ ಬೂತು. ನೇಪರ್‌ವಿಲ್‌ಗೆ ರೈಲು ಬಂದದ್ದು 1864ರಲ್ಲಿ. ಆದರೂ 1960ರ ಹೊತ್ತಿಗೆ ಅದು ಹದಿಮೂರು ಸಾವಿರ ಜನರ ಸಣ್ಣ ಊರಾಗಿಯೇ ಇತ್ತು. ಹೆದ್ದಾರಿ ಬಂತು, 1960ರ ದಶಕದಲ್ಲಿ ಬೆಲ್ ಲ್ಯಾಬ್ಸ್ ಬಂತು, ಅದರ ಹಿಂದೆ ಮಿಕ್ಕ ಕಂಪನಿಗಳೂ ಬಂದವು. 2020ರ ಜನಗಣತಿಯಲ್ಲಿ ಜನಸಂಖ್ಯೆ ಒಂದೂವರೆ ಲಕ್ಷದ ಹತ್ತಿರ. ಹೀಗೆ ಬೆಳೆದ ಭಾಗವೆಲ್ಲ ಕಾರಿದ್ದವರಿಗೆಂದೇ ಕಟ್ಟಿದ್ದು. ಮನೆಗಳ ವಲಯದಲ್ಲಿ ಅಂಗಡಿ ತೆರೆಯಲು ಕಾನೂನೇ ಬಿಡುವುದಿಲ್ಲ. ಅಂಗಡಿಗಳೆಲ್ಲ ದೊಡ್ಡ ರಸ್ತೆಗಳ ಪಕ್ಕದಲ್ಲಿ, ಎದುರಿಗೆ ಮೈದಾನದಷ್ಟು ಪಾರ್ಕಿಂಗ್ ಇಟ್ಟುಕೊಂಡು ಗುಂಪಾಗಿರುತ್ತವೆ. ಒಳಬೀದಿಗಳು ಬಳುಕಿ ಬಳುಕಿ ಹೋಗಿ ಮುಚ್ಚಿಕೊಳ್ಳುತ್ತವೆ. ಹಕ್ಕಿ ಹಾರಿದಂತೆ ಅಳೆದರೆ ಅರ್ಧ ಮೈಲಿ ದೂರದ ಅಂಗಡಿಗೆ ನಡೆದು ಹೋಗಲು ಎರಡು ಮೈಲಿ ಸುತ್ತಬೇಕಾದೀತು. ‘ಹತ್ತಿರವೇ ಅಮ್ಮಾ, ಐದು ನಿಮಿಷ’ ಎಂದು ಮಗಳು ಅಂದರೆ ಅದು ಕಾರಿನ ಐದು ನಿಮಿಷ.

ಆದ್ದರಿಂದ ಟಿಕೆಟ್ ಕೊಳ್ಳುವ ಮುಂಚೆಯೇ ಒಂದು ಕೆಲಸ ಮಾಡಿ. ಮಕ್ಕಳನ್ನು ವಿಡಿಯೊ ಕರೆಯಲ್ಲಿ ಕೂರಿಸಿಕೊಂಡು ಅವರ ವಿಳಾಸವನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ತೆಗೆಯಿರಿ, ಮನೆಯ ಸುತ್ತ ಒಂದು ಮೈಲಿ, ಅಂದರೆ 1.6 ಕಿಲೋಮೀಟರ್ ನೋಡಿ. ದಾರಿ ಹುಡುಕುವಾಗ ಕಾರಿನ ಚಿಹ್ನೆ ಬಿಟ್ಟು ನಡೆಯುವ ಮನುಷ್ಯನ ಚಿಹ್ನೆ ಒತ್ತಿ. ಉದ್ಯಾನ, ಗ್ರಂಥಾಲಯ, ಬಸ್ ನಿಲ್ದಾಣ, ಒಂದು ಅಂಗಡಿ, ಇವುಗಳಲ್ಲಿ ಯಾವುದು ಆ ವೃತ್ತದೊಳಗಿದೆ? ದಾರಿಯುದ್ದಕ್ಕೂ ಕಾಲುದಾರಿ ಇದೆಯೇ, ಇಲ್ಲವೇ ಆರು ಲೇನಿನ ರಸ್ತೆಯೊಂದನ್ನು ದಾಟಬೇಕೆ? ಸ್ಟ್ರೀಟ್ ವ್ಯೂ ತೆರೆದರೆ ಅದೂ ಕಾಣುತ್ತದೆ. ವೃತ್ತದೊಳಗೆ ಎರಡು ಜಾಗವಾದರೂ ಸಿಕ್ಕರೆ ನಿಮ್ಮ ದಿನ ನಿಮ್ಮ ಕೈಯಲ್ಲಿರುತ್ತದೆ. ಏನೂ ಸಿಗದಿದ್ದರೆ ಆರು ತಿಂಗಳಿಗೆಂದು ಹೋಗಬೇಡಿ, ಎರಡು ತಿಂಗಳಿಗೆ ಹೋಗಿ ಬನ್ನಿ. ಇನ್ನೊಬ್ಬರ ಬಿಡುವನ್ನೇ ಕಾಯುತ್ತ ದಿನ ಕಳೆಯುವುದು ಅರುವತ್ತೈದರ ಮೇಲೆ ಮನಸ್ಸನ್ನು ಕುಗ್ಗಿಸುತ್ತದೆ. ದುಡಿದು ಬಂದ ಮಕ್ಕಳಿಗೂ ಅದು ಭಾರವಾಗುತ್ತದೆ.

ಆ ಊರುಗಳಲ್ಲಿ ಹಿರಿಯರಿಗೆ ಎಲ್ಲಕ್ಕಿಂತ ಹೆಚ್ಚು ಒದಗುವ ಜಾಗ ಸಾರ್ವಜನಿಕ ಗ್ರಂಥಾಲಯ ಎಂಬುದು ನನ್ನ ಖಚಿತ ಅಭಿಪ್ರಾಯ. ಒಳಗೆ ಹೋಗಲು ಕಾರ್ಡು ಬೇಡ, ದುಡ್ಡು ಬೇಡ, ಇಡೀ ದಿನ ಕೂತರೂ ಕೇಳುವವರಿಲ್ಲ. ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪಾಗಿ ಇರುತ್ತದೆ. ಮನೆಗೆ ಪುಸ್ತಕ ತರಲು ಮಗಳ ಕಾರ್ಡು ಸಾಕು. ನೇಪರ್‌ವಿಲ್‌ನಲ್ಲಿ ಇಂಥ ಮೂರು ಶಾಖೆಗಳಿವೆ. ಊರ ನಡುವಿನ ನಿಕೋಲ್ಸ್ ಗ್ರಂಥಾಲಯದ ಪಕ್ಕದಲ್ಲೇ ಡ್ಯುಪೇಜ್ ನದಿಯ ರಿವರ್‌ವಾಕ್ ಇದೆ. ಊರಿಗೆ ನೂರೈವತ್ತು ತುಂಬಿದ ನೆನಪಿಗೆ 1981ರಲ್ಲಿ ಇಟ್ಟಿಗೆ ಹಾಸಿ ಮಾಡಿದ ಕಾಲುದಾರಿ ಅದು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದು ಅಭ್ಯಾಸವಾದವರಿಗೆ ಇಲ್ಲಿ ಕಾಲು ತಾನಾಗಿ ಹೊಂದಿಕೊಳ್ಳುತ್ತದೆ. ಕೂರಲು ಬೆಂಚುಗಳಿವೆ, ಎದುರಿಗೆ ಬಂದವರು ತಾವಾಗಿಯೇ ‘ಹಾಯ್’ ಅನ್ನುತ್ತಾರೆ. ನೀವೂ ಅನ್ನಿ. ಪರಿಚಯ ಶುರುವಾಗುವುದೇ ಹಾಗೆ, ಮನೆಯ ಕರೆಗಂಟೆ ಒತ್ತಿ ಅಲ್ಲ.

ನಡೆಯುವವರು ಒಂದನ್ನು ಮೈಗೂಡಿಸಿಕೊಳ್ಳಬೇಕು. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ನಮ್ಮ ಕತ್ತು ಅಭ್ಯಾಸಬಲದಿಂದ ಮೊದಲು ಬಲಕ್ಕೆ ತಿರುಗುತ್ತದೆ, ಕಾರು ಬರುವುದು ಎಡದಿಂದ. ಮೊದಲು ಎಡ, ಆಮೇಲೆ ಬಲ, ಮತ್ತೆ ಎಡ ನೋಡಿ ದಾಟಿ. ಕೆಂಪು ದೀಪವಿದ್ದರೂ ನಿಂತು ನೋಡಿ ಬಲಕ್ಕೆ ತಿರುಗಲು ಕಾರಿನವರಿಗೆ ಹೆಚ್ಚಿನ ಕಡೆ ಅನುಮತಿಯಿದೆ. ‘ನಡೆಯಿರಿ’ ಎಂಬ ಬಿಳಿ ಮನುಷ್ಯನ ದೀಪ ಹೊತ್ತಿದ ಮೇಲೂ ಆ ಕಡೆ ಒಂದು ಕಣ್ಣಿರಲಿ. ಕಾಲುದಾರಿ ಇಲ್ಲದ ಕಡೆ ರಸ್ತೆಯ ಎಡ ಅಂಚಿನಲ್ಲಿ, ಎದುರು ಬರುವ ವಾಹನಗಳಿಗೆ ಮುಖ ಮಾಡಿ ನಡೆಯಬೇಕು.

ಇನ್ನು ನಗರಕ್ಕೆ ಹೋಗುವುದು. ಮಕ್ಕಳಿಗೆ ರಜೆ ಸಿಗುವವರೆಗೆ ಕಾಯಬೇಕಿಲ್ಲ. ನೇಪರ್‌ವಿಲ್‌ನಿಂದ ಮೆಟ್ರಾ ಎಂಬ ಉಪನಗರ ರೈಲಿನ ಬಿಎನ್‌ಎಸ್‌ಎಫ್ ಮಾರ್ಗ ಚಿಕಾಗೊದ ಯೂನಿಯನ್ ಸ್ಟೇಷನ್‌ಗೆ ಹೋಗುತ್ತದೆ. ಅರೋರಾ ಆ ಮಾರ್ಗದ ಕೊನೆಯ ನಿಲ್ದಾಣ. ವೇಗದ ರೈಲು ಮುಕ್ಕಾಲು ಗಂಟೆಯೊಳಗೆ ಮುಟ್ಟಿಸುತ್ತದೆ, ಎಲ್ಲ ಕಡೆ ನಿಲ್ಲುವುದಾದರೆ ಒಂದು ಗಂಟೆ ದಾಟುತ್ತದೆ. ಟಿಕೆಟ್ ವೆಂಟ್ರಾ ಎಂಬ ಆ್ಯಪ್‌ನಲ್ಲಿ ಸಿಗುತ್ತದೆ, ಕಂಡಕ್ಟರ್ ಬಂದಾಗ ಫೋನ್ ತೋರಿಸಿದರಾಯಿತು. ಬೆಳಗ್ಗೆ ಕಚೇರಿಗೆ ಹೋಗುವವರ ನೂಕುನುಗ್ಗಲು ಕಳೆದ ಮೇಲೆ ಹತ್ತಿ, ಮಧ್ಯಾಹ್ನ ಮೂರರ ಆಸುಪಾಸಿಗೆ ಹಿಂತಿರುಗಿ. ಆ ಹೊತ್ತಿನಲ್ಲಿ ಗಂಟೆಗೊಂದರಂತೆ ಮಾತ್ರ ರೈಲು ಇರಬಹುದು, ಹೊರಡುವ ಮುನ್ನ ವೇಳಾಪಟ್ಟಿ ನೋಡಿಕೊಳ್ಳಿ. ಮನೆಯಿಂದ ನಿಲ್ದಾಣಕ್ಕೆ ಊಬರ್, ಇಲ್ಲವೇ ಕೆಲಸಕ್ಕೆ ಹೊರಟ ಅಳಿಯನ ಕಾರು. ಪೇಸ್ ಎಂಬ ಉಪನಗರ ಬಸ್ಸಿದೆ, ಆದರೆ ಮಾರ್ಗಗಳು ವಿರಳ. ಅದನ್ನೇ ನೆಚ್ಚಿಕೊಳ್ಳಬೇಡಿ.

ಯೂನಿಯನ್ ಸ್ಟೇಷನ್‌ನಿಂದ ಹೊರಬಂದು ಆಡಮ್ಸ್ ಸ್ಟ್ರೀಟ್ ಹಿಡಿದು ಪೂರ್ವಕ್ಕೆ ನಡೆಯಿರಿ. ಚಿಕಾಗೊ ನದಿಯ ಸೇತುವೆ ದಾಟುತ್ತಲೇ ಬಲಗಡೆ ವಿಲ್ಲಿಸ್ ಟವರ್. ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರೆಹಮಾನ್ ಖಾನ್ ರಚನಾ ವಿನ್ಯಾಸ ಮಾಡಿದ ಆ ಗೋಪುರಕ್ಕೆ ನಮ್ಮ ಕಾಲದವರಿಗೆ ಗೊತ್ತಿದ್ದ ಹೆಸರು ಸಿಯರ್ಸ್ ಟವರ್. ಇನ್ನೂ ಕೆಲವು ಬೀದಿ ದಾಟಿದರೆ ಮಿಷಿಗನ್ ಅವೆನ್ಯೂ. ಎದುರಿಗೇ ಎರಡು ಕಂಚಿನ ಸಿಂಹಗಳ ನಡುವೆ ಮೆಟ್ಟಿಲಿರುವ ಕಟ್ಟಡ ಆರ್ಟ್ ಇನ್‌ಸ್ಟಿಟ್ಯೂಟ್. ನಿಲ್ದಾಣದಿಂದ ಇಲ್ಲಿಗೆ ಒಂದು ಮೈಲಿಗೂ ಕಡಿಮೆ, ಒಂದೇ ಒಂದು ತಿರುವೂ ಇಲ್ಲ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಈ ಕಟ್ಟಡದಲ್ಲೇ. ಮುಂದಿನ ರಸ್ತೆಯ ಆ ತುಂಡಿಗೆ ಗೌರವಾರ್ಥವಾಗಿ ಅವರ ಹೆಸರಿನ ಫಲಕವಿದೆ. ಹಿಂದಿನ ವರ್ಷ, 1892ರಲ್ಲಿ, ಅವರು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಪಶ್ಚಿಮಕ್ಕೆ ಹೋಗುವ ಪ್ರಯಾಣಕ್ಕೆ ನೆರವು ನೀಡಲು ಮಹಾರಾಜರು ಮುಂದೆ ಬಂದಿದ್ದರು. 1894ರ ಜೂನ್‌ನಲ್ಲಿ ಸ್ವಾಮೀಜಿ ಚಿಕಾಗೊದಿಂದಲೇ ಮಹಾರಾಜರಿಗೆ ಪತ್ರ ಬರೆದರು. ನಮ್ಮೂರಿನ ನಂಟಿರುವ ಜಾಗಕ್ಕೆ ನಿಮ್ಮ ಕಾಲಿನಲ್ಲಿ ನೀವೇ ನಡೆದು ಮುಟ್ಟಬಹುದು, ಯಾರನ್ನೂ ಕಾಯದೆ. ಇನ್ನೊಂದು ನಂಟು ನಗರದ ದಕ್ಷಿಣಕ್ಕಿರುವ ಚಿಕಾಗೊ ವಿಶ್ವವಿದ್ಯಾಲಯ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಪಾಠ ಹೇಳಿದ್ದು, ವಚನಗಳನ್ನು ಇಂಗ್ಲಿಷಿಗೆ ತಂದದ್ದು ಅಲ್ಲಿದ್ದಾಗಲೇ. ಅಲ್ಲಿಗೆ ಮೊದಲ ಸಲ ಮಕ್ಕಳ ಜೊತೆ ಹೋಗುವುದು ಒಳ್ಳೆಯದು.

ದೇವಸ್ಥಾನಕ್ಕೆ ಕೊರತೆಯಿಲ್ಲ. ಅರೋರಾದಲ್ಲಿ ಬಾಲಾಜಿ ದೇವಸ್ಥಾನ, ಲೆಮಾಂಟ್‌ನಲ್ಲಿ ರಾಮ ದೇವಸ್ಥಾನ ಇವೆ, ವಾರಾಂತ್ಯದಲ್ಲಿ ಕನ್ನಡ ಕಿವಿಗೆ ಬಿದ್ದೇ ಬೀಳುತ್ತದೆ. ವಿದ್ಯಾರಣ್ಯ ಕನ್ನಡ ಕೂಟ ಚಿಕಾಗೊ ಪ್ರದೇಶದ ಹಳೆಯ ಕನ್ನಡ ಸಂಘ. 2008ರಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಚಿಕಾಗೊದಲ್ಲೇ. ಹೋದ ಮೊದಲ ವಾರದಲ್ಲೇ ಕೂಟದ ಮುಂದಿನ ಕಾರ್ಯಕ್ರಮ ಯಾವಾಗ ಎಂದು ಮಕ್ಕಳಿಂದ ಕೇಳಿಸಿ. ನಿಮ್ಮ ಹಾಗೇ ಬಂದಿರುವ ಇನ್ನೊಂದು ಹಿರಿಯ ದಂಪತಿಯ ಫೋನ್ ನಂಬರ್ ಸಿಕ್ಕರೆ ಅರ್ಧ ಸಮಸ್ಯೆ ಅಲ್ಲೇ ತೀರಿತು.

ಮನೆಯೊಳಗೆ ಗೊತ್ತಿರಬೇಕಾದ ಕೆಲವು ಸಂಗತಿಗಳಿವೆ. ಅಲ್ಲಿನ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು, ಆದ್ದರಿಂದ ಕೋಣೆಕೋಣೆಗೂ ಹೊಗೆ ಪತ್ತೆ ಮಾಡುವ ಯಂತ್ರ ಇರುತ್ತದೆ. ಎಣ್ಣೆ ಕಾದು ಸಾಸಿವೆ ಸಿಡಿದು ಒಣಮೆಣಸಿನಕಾಯಿ ಬಿದ್ದಿತೆಂದರೆ ಅದು ಕಿವಿ ತೂತಾಗುವಂತೆ ಕೂಗುತ್ತದೆ. ಒಗ್ಗರಣೆಗೆ ಮೊದಲೇ ಒಲೆಯ ಮೇಲಿನ ಫ್ಯಾನ್ ಹಾಕಿ, ಒಂದು ಕಿಟಕಿ ತೆರೆಯಿರಿ, ಊದುಬತ್ತಿಯನ್ನು ಯಂತ್ರದ ಕೆಳಗೆ ಹಚ್ಚಬೇಡಿ. ಕೂಗಿದರೆ ಒಲೆ ಆರಿಸಿ ಟವೆಲ್‌ನಿಂದ ಗಾಳಿ ಬೀಸಿ. ಯಂತ್ರವನ್ನು ಕಿತ್ತಿಡುವುದು ಬೇಡವೇ ಬೇಡ. ಥರ್ಮೋಸ್ಟಾಟ್‌ನಲ್ಲಿ ಫ್ಯಾರನ್‌ಹೀಟ್ ಲೆಕ್ಕ: 68 ಎಂದರೆ ನಮ್ಮ 20 ಡಿಗ್ರಿ, 75 ಎಂದರೆ 24.

ಇಲಿನಾಯ್‌ನಲ್ಲಿ ಪ್ರತಿ ತಿಂಗಳ ಮೊದಲ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಊರೂರಲ್ಲೂ ಸೈರನ್ ಮೊಳಗುತ್ತದೆ. ಅದು ಸುಂಟರಗಾಳಿ ಎಚ್ಚರಿಕೆಯ ಪರೀಕ್ಷೆ, ಹೆದರಬೇಡಿ. ಬೇರೆ ಹೊತ್ತಿನಲ್ಲಿ ಮೊಳಗಿದರೆ ಯೋಚಿಸುತ್ತ ನಿಲ್ಲದೆ ನೆಲಮಾಳಿಗೆಗೆ ಇಳಿಯಿರಿ. ನೆಲಮಾಳಿಗೆ ಇಲ್ಲದ ಮನೆಯಾದರೆ ಕೆಳ ಅಂತಸ್ತಿನಲ್ಲಿ ಕಿಟಕಿಯಿಲ್ಲದ ಒಳಕೋಣೆ. ತುರ್ತಿಗೆ 911. ಮೈಸೂರಿಗೆ ಫೋನ್ ಮಾಡಲು 91 ಒತ್ತುವ ಭರದಲ್ಲಿ 911 ಹೋದರೆ ಫೋನ್ ಇಟ್ಟುಬಿಡಬೇಡಿ, ತಪ್ಪಾಗಿ ಬಂತು ಎಂದು ಹೇಳಿ. ಸುಮ್ಮನೆ ಇಟ್ಟರೆ ಪೊಲೀಸರು ಮನೆಗೇ ಬಂದು ನೋಡಬಹುದು. ಫ್ರಿಜ್ಜಿನ ಮೇಲೆ ಮನೆಯ ವಿಳಾಸ, ಮಕ್ಕಳ ನಂಬರ್, ನಿಮ್ಮ ಔಷಧಿಗಳ ಹೆಸರು ಬರೆದು ಅಂಟಿಸಿ.

ಬಾಣಂತನದ ದಿನ ನಿಗದಿಯಾಗಿಲ್ಲದಿದ್ದರೆ ಮೇ ತಿಂಗಳಲ್ಲಿ ಹೋಗಿ ದಸರಾ ಹೊತ್ತಿಗೆ ಮನೆ ಸೇರುವಂತೆ ಟಿಕೆಟ್ ಮಾಡಿಸಿ. ಜೂನ್‌ನಲ್ಲಿ ರಾತ್ರಿ ಎಂಟೂವರೆಗೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. 1985ರ ಜನವರಿಯಲ್ಲಿ ಚಿಕಾಗೊದಲ್ಲಿ ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಅಷ್ಟು ಅಪರೂಪವೇ, ಆದರೂ ಕಾಲುದಾರಿಯ ಮೇಲೆ ಕಾಣದಂತೆ ಕಟ್ಟುವ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿಯಲು ಒಂದು ಸಾಧಾರಣ ಜನವರಿ ಸಾಕು.

ಸಾಮಾನಿನ ವಿಷಯ. ಕರಿಬೇವು ಒಯ್ಯಬೇಡಿ. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಎಲೆಯ ಮೇಲೆ ಬದುಕುವುದರಿಂದ ಅಲ್ಲಿ ಕಟ್ಟುನಿಟ್ಟು. ತಾಜಾ ಹಣ್ಣು ತರಕಾರಿಯೂ ಬೇಡ, ನಂಜನಗೂಡು ರಸಬಾಳೆಯ ಆಸೆ ಬಿಡಬೇಕು. ಸಾರಿನ ಪುಡಿ, ಬಾಣಂತಿ ಲೇಹ್ಯ ಇತ್ಯಾದಿಯನ್ನು ಹೆಸರು ಮುದ್ರಿಸಿದ ಮೊಹರು ಪೊಟ್ಟಣದಲ್ಲಿ ಇಟ್ಟುಕೊಳ್ಳಿ, ತಿನ್ನುವ ವಸ್ತು ಇದೆ ಎಂದು ಅಧಿಕಾರಿಗೆ ತಾವೇ ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಮುಚ್ಚಿಟ್ಟು ಸಿಕ್ಕರೆ ದಂಡ. ದುಬೈ ಅಥವಾ ಅಬುಧಾಬಿ ಮೂಲಕ ಹೋಗುವವರು ಗಸಗಸೆಯನ್ನು ಯಾವ ಚೀಲದಲ್ಲೂ ಇಡಬಾರದು. ಅಲ್ಲಿ ಅದು ನಿಷೇಧಿತ ವಸ್ತು. ಔಷಧಿ ಕೈಚೀಲದಲ್ಲಿರಲಿ, ಮೂಲ ಪಟ್ಟಿಯಲ್ಲೇ ಇರಲಿ, ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿ ಜೊತೆಗಿರಲಿ.

ವಿಮೆ ಇಲ್ಲದೆ ಹೋಗಲೇಬೇಡಿ. ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ. ಆಸ್ಪತ್ರೆಯ ಬಿಲ್ಲಿನಲ್ಲಿ ಬಹುಪಾಲನ್ನು ಕೊಡುವ ವಿಮೆಯೋ, ಒಂದೊಂದು ಚಿಕಿತ್ಸೆಗೆ ಇಷ್ಟೇ ಎಂದು ಮಿತಿ ಹಾಕಿರುವುದೋ? ಎರಡನೆಯದು ಅಗ್ಗ, ಆದರೆ ದೊಡ್ಡ ಕಾಯಿಲೆಗೆ ಸಾಲುವುದಿಲ್ಲ. ಮೊದಲೇ ಇರುವ ಸಕ್ಕರೆ, ರಕ್ತದೊತ್ತಡಕ್ಕೆ ಏನು ಕೊಡುತ್ತದೆ? ಸಾಮಾನ್ಯವಾಗಿ ಇದ್ದಕ್ಕಿದ್ದಂತೆ ಉಲ್ಬಣಿಸಿದಾಗ ಮಾತ್ರ, ಅದೂ ವಯಸ್ಸಿನ ಮಿತಿಯೊಳಗೆ. ಹಲ್ಲಿನ ಕೆಲಸ, ಕನ್ನಡಕ ಮೈಸೂರಿನಲ್ಲೇ ಮುಗಿಸಿಕೊಳ್ಳಿ. ಜ್ವರ, ಉಳುಕು ಇಂಥವಕ್ಕೆ ಅರ್ಜೆಂಟ್ ಕೇರ್ ಎಂಬ ಚಿಕಿತ್ಸಾಲಯ ಸಾಕು. ಎಮರ್ಜೆನ್ಸಿ ರೂಮಿನ ಬಿಲ್ಲು ಅದರ ಎಷ್ಟೋ ಪಟ್ಟು.

ಇತ್ತ ಮನೆಯ ಕಡೆ: ಬ್ಯಾಂಕಿನ ಒಟಿಪಿ ಬರುವ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿ, ಚಾಲ್ತಿಯಲ್ಲಿಡಿ. ನವೆಂಬರ್‌ನಲ್ಲಿ ಅಲ್ಲೇ ಇರುವ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಹೇಗೆ ಕೊಡಬೇಕೆಂದು ಬ್ಯಾಂಕಿನಲ್ಲಿ ಕೇಳಿಯೇ ಹೊರಡಬೇಕು. ಮುಖ ತೋರಿಸಿ ಸಲ್ಲಿಸುವ ಜೀವನ್ ಪ್ರಮಾಣ್ ವ್ಯವಸ್ಥೆಯನ್ನು ಇಲ್ಲಿರುವಾಗಲೇ ಫೋನಿನಲ್ಲಿ ಹಾಕಿಸಿ ಕಲಿತುಕೊಳ್ಳಿ. ಚೆಸ್ಕಾಂ ಮತ್ತು ನೀರಿನ ಬಿಲ್ಲು ನೋಡಿಕೊಳ್ಳಲು ಒಬ್ಬರಿರಲಿ, ಬೀಗ ಹಾಕಿದ ಮನೆಯ ವಿಷಯ ಠಾಣೆಗೂ ತಿಳಿಸಿ.

ಕೊನೆಯದಾಗಿ ತಾರೀಖು. ವೀಸಾ ಹತ್ತು ವರ್ಷದ್ದಾದರೂ ಅಲ್ಲಿ ಎಷ್ಟು ದಿನ ಇರಬಹುದೆಂಬುದನ್ನು ಹೇಳುವುದು ವೀಸಾ ಅಲ್ಲ, ವಿಮಾನ ನಿಲ್ದಾಣದ ಅಧಿಕಾರಿ ಕೊಡುವ ಐ-94 ದಾಖಲೆ. ಸಾಮಾನ್ಯವಾಗಿ ಆರು ತಿಂಗಳು. ಮನೆ ಮುಟ್ಟಿದ ವಾರದಲ್ಲೇ ಮಕ್ಕಳಿಂದ ಸರ್ಕಾರಿ ಜಾಲತಾಣದಲ್ಲಿ ಅದನ್ನು ತೆಗೆಸಿ, ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಕೊನೆಯ ದಿನ ಸರಿಯಿದೆಯೇ ನೋಡಿ, ಒಂದು ಪ್ರತಿ ಇಟ್ಟುಕೊಳ್ಳಿ. ವಾಪಸು ಟಿಕೆಟ್ ಆ ದಿನಕ್ಕಿಂತ ಎರಡು ವಾರವಾದರೂ ಮೊದಲಿರಲಿ, ಜ್ವರ ಬಂದರೂ ವಿಮಾನ ರದ್ದಾದರೂ ಪರದಾಡಬೇಕಿಲ್ಲ. ಮತ್ತೆ ಹೋಗಲು ಇಷ್ಟು ತಿಂಗಳು ಕಾಯಬೇಕೆಂಬ ನಿಯಮವಿಲ್ಲ. ಆದರೂ ವರ್ಷಕ್ಕೆ ಆರು ತಿಂಗಳು ಅಲ್ಲೇ ಕಳೆಯುವವರನ್ನು ಅಧಿಕಾರಿಗಳು ಹೆಚ್ಚು ಪ್ರಶ್ನಿಸುತ್ತಾರೆ, ಆದ್ದರಿಂದ ಅಲ್ಲಿದ್ದುದಕ್ಕಿಂತ ಹೆಚ್ಚು ಕಾಲ ಊರಲ್ಲಿದ್ದು ಮುಂದಿನ ಪ್ರಯಾಣ ಇಟ್ಟುಕೊಳ್ಳಿ.