ತೊಡೆಮೂಳೆಗೆ ಜೋಡಿ ಮುರಿತ: ಕಾಣದ ಬಿರುಕೇ ಅಪಾಯಕಾರಿ

ಅಪಘಾತದಲ್ಲಿ ಮೊಣಕಾಲು ಕಾರಿನ ಡ್ಯಾಶ್‌ಬೋರ್ಡಿಗೆ ಅಪ್ಪಳಿಸಿದರೆ, ಪೆಟ್ಟಿನ ರಭಸ ಸೊಂಟದ ಕೀಲಿನವರೆಗೂ ಸಾಗುತ್ತದೆ. ಆಗ ತೊಡೆಮೂಳೆಯ ನಡುಭಾಗದ ಜತೆಗೆ, ಅದರ ಗುಂಡನೆಯ ತಲೆಯ ಕೆಳಗಿನ ‘ಕತ್ತು’ ಕೂಡ ಮುರಿಯಬಹುದು. ನಡುಭಾಗ ಮುರಿದವರ ಪೈಕಿ ಶೇ 2ರಿಂದ 9ರಷ್ಟು ಮಂದಿಯಲ್ಲಿ ಈ ಜೋಡಿ ಮುರಿತವಿರುತ್ತದೆ.

ನಡುಭಾಗದ ಮುರಿತ ಕಣ್ಣಿಗೆ ರಾಚುವಂತಿದ್ದರೆ, ಕತ್ತಿನದು ಹಲವು ಬಾರಿ ಕೂದಲೆಳೆಯಷ್ಟು ಬಿರುಕು. ಮೊದಲ ಎಕ್ಸ್‌-ರೇಯಲ್ಲಿ ಅದು ತಪ್ಪಿಹೋಗುವುದು ಅಪರೂಪವೇನಲ್ಲ. ಗಮನಿಸದೆ ರಾಡ್‌ ಕೂರಿಸಿದರೆ ಬಿರುಕು ಜರುಗಿ, ರಕ್ತ ಪೂರೈಕೆ ಕಡಿದು, ಮೂಳೆಯ ತಲೆ ನಿರ್ಜೀವವಾಗುವ ಸಂಭವವುಂಟು. ಆದ್ದರಿಂದಲೇ ಸೊಂಟದ ಸಿ.ಟಿ. ಸ್ಕ್ಯಾನ್‌ ಮುಖ್ಯವೆನಿಸುತ್ತದೆ.

ಮೂಳೆಯ ಮಜ್ಜೆಯ ಕೊಳವೆಯೊಳಗೆ ಉದ್ದನೆಯ ಲೋಹದ ಮೊಳೆ ಇಳಿಸುವ ವಿಧಾನವನ್ನು 1939ರಲ್ಲಿ ರೂಢಿಗೆ ತಂದವರು ಜರ್ಮನಿಯ ಗೆರ್ಹಾರ್ಡ್‌ ಕುಂಟ್ಶರ್‌. ಜೋಡಿ ಮುರಿತಕ್ಕೆ ಈಗ ಮುಖ್ಯವಾಗಿ ಎರಡು ಮಾರ್ಗಗಳಿವೆ. ಸೊಂಟದಿಂದ ಒಂದೇ ಮೊಳೆ ಇಳಿಸಿ, ಅದರ ರಂಧ್ರಗಳ ಮೂಲಕ ಕತ್ತಿಗೆ ಸ್ಕ್ರೂ ಬಿಗಿಯುವುದು ಒಂದು. ಇದರಲ್ಲಿ ಗಾಯ ಕಡಿಮೆ, ಆದರೆ ಎರಡೂ ಮುರಿತಗಳನ್ನು ಏಕಕಾಲಕ್ಕೆ ಸರಿಹೊಂದಿಸುವುದು ಕಠಿಣ. ಹೀಗಾಗಿ ಕತ್ತಿಗೆ ಪ್ರತ್ಯೇಕ ಸ್ಕ್ರೂ ಹಾಕಿ, ಮೊಣಕಾಲಿನಿಂದ ಮೇಲ್ಮುಖವಾಗಿ ಮೊಳೆ ಏರಿಸುವ ಇನ್ನೊಂದು ಮಾರ್ಗದತ್ತ ಅನೇಕ ಶಸ್ತ್ರವೈದ್ಯರ ಒಲವು. ಕೆಲಸ ಮುಗಿದ ಮೇಲೂ, ರೋಗಿಯನ್ನು ಮೇಜಿನಿಂದ ಇಳಿಸುವ ಮುನ್ನ ಕತ್ತಿನ ಎಕ್ಸ್‌-ರೇ ಮತ್ತೊಮ್ಮೆ ನೋಡಲಾಗುತ್ತದೆ.